ಕನ್ನಡಕ ಕಳಚಿಟ್ಟ ಟೋರ್ಗ್ನಿ

ವಾರದ ದಿನಗಳಲ್ಲಿ ವಿಸ್ಬಿ ಪಟ್ಟಣದ ಬಸ್ಸು ಓಡಿಸುವ ಟೋರ್ಗ್ನಿ, ಬೇಸಿಗೆಯ ಶನಿವಾರಗಳಲ್ಲಿ, ಸಾವಿರ ವರ್ಷದ ಹಿಂದಿನವರಂತೆ ಉಟ್ಟು ಉಂಡು ನೋಡುವ ನಮ್ಮ ವೈಕಿಂಗ್ ಬಿಡಾರದ ಬೇಲಿಯ ಬಳಿ ಬಂದವನೇ, ಸೀಸೆಯ ತಳದಷ್ಟು ದಪ್ಪನಾದ ತನ್ನ ಕನ್ನಡಕವನ್ನು ಕಳಚಿ, ಒರೆಸಿ, ಕಾರಿನೊಳಗಿಟ್ಟು ಬೀಗ ಹಾಕುತ್ತಿದ್ದ. ಅಲ್ಲಿಂದ ಮುಂದೆ ಅವನ ನಡಿಗೆಯೇ ಬೇರೆ. ಕೆಸರಿನಲ್ಲಿ ಮೀನು ಹುಡುಕುವ ಕೊಕ್ಕರೆಯಂತೆ ಮೊಣಕಾಲನ್ನು ಎತ್ತೆತ್ತಿ ಇಡುತ್ತ, ಡೇರೆಯ ಹಗ್ಗಗಳನ್ನು ಅಂಗಾಲಿನಿಂದಲೇ ಗುರುತಿಸುತ್ತ, ಯಾರಿಗೂ ಕೈ ಕೊಡದೆ ಅವನು ಸಾಗುವ ಗಾಂಭೀರ್ಯವನ್ನು ಅವನ ಬಸ್ಸಿನ ಪ್ರಯಾಣಿಕರು ಒಮ್ಮೆ ಕಂಡಿದ್ದರೆ, ಸೋಮವಾರ ಎಲ್ಲರೂ ಸೈಕಲ್ ಹೊರತೆಗೆಯುತ್ತಿದ್ದರು.

ಪೂರ್ವಿಕರ ರೀತಿಯಲ್ಲಿ ಮದುವೆಯಾಗಬೇಕೆಂದು ನಮ್ಮ ದ್ವೀಪಕ್ಕೆ ಬರುವವರ ಮದುವೆಗಳನ್ನು ಯೋಜಿಸುವುದು ಅವನ ಕೆಲಸ. ಕೆಲಸವೆಂದರೆ ಅವನಿಗೆ ಸಿಟ್ಟು ಬರುತ್ತಿತ್ತು, ಕರ್ತವ್ಯವೆನ್ನಬೇಕು. ಬಿಡಾರದ ನಿಯಮಗಳನ್ನು ಬರೆದವನೂ ಅವನೇ. ಸಾವಿರ ವರ್ಷದ ಹಿಂದೆ ಇಲ್ಲದಿದ್ದುದು ಬೇಲಿಯೊಳಗೆ ಸಲ್ಲದು: ಗಡಿಯಾರ, ಆಲೂಗಡ್ಡೆ, ಕಾಫಿ, ಕನ್ನಡಕ. ಕಣ್ಣೊಳಗೆ ಇಡುವ ಮಸೂರವನ್ನು ಯಾರೂ ಕಾಣರೆಂದು ಉಳಿದವರು ಅದನ್ನಿಟ್ಟುಕೊಂಡು ಸುಖವಾಗಿದ್ದರು. ಅವನ ಕಣ್ಣಿಗೆ ಅದು ಒಗ್ಗದೆ ನೀರು ಸುರಿಯುತ್ತಿತ್ತು. ಹೀಗೆ ತಾನು ನಡೆಸಿಕೊಟ್ಟ ಮದುವೆಗಳಲ್ಲಿ ಒಂದನ್ನೂ ಅವನು ಸ್ಪಷ್ಟವಾಗಿ ನೋಡಿದವನಲ್ಲ. ಒಂದು ಗೇಣಿನೊಳಗೆ ಇರುವೆಯ ಕಾಲನ್ನೂ ಕಾಣಬಲ್ಲ ಆ ಕಣ್ಣುಗಳಿಗೆ, ಅದರಾಚೆಯ ಲೋಕವೆಲ್ಲ ನೆನೆದ ಉಣ್ಣೆ.

ಬಣ್ಣದ ಸೊಪ್ಪನ್ನು ತಾನೇ ಕುದಿಸಿ ಅದ್ದಿದ ನೀಲಿ ನಿಲುವಂಗಿ ಅವನದು. ಬಟ್ಟೆ ನನ್ನ ಅಂಗಡಿಯದು, ಅದಕ್ಕೆ ನಾನೇ ಸಾಕ್ಷಿ. ಒಲೆ ಎಷ್ಟು ಹತ್ತಿರವಿದೆಯೆಂದು ತಿಳಿಯದೆ ನಿಲ್ಲುವುದರಿಂದ ಅದರ ಅಂಚು ಸುಟ್ಟು ಸುಟ್ಟು, ವರ್ಷಕ್ಕೊಂದು ಬೆರಳಿನಷ್ಟು ಮೇಲೇರುತ್ತಿತ್ತು. ಗೇಣಿಗೆ ಎರಡು ಸಲ ಚೌಕಾಸಿ ಮಾಡುವ ಗಿರಾಕಿ ಅವನು. ಆದರೂ ಅಂಚಿನ ಬಟ್ಟೆಗಾಗಿ ಪ್ರತಿವರ್ಷ ನನ್ನಲ್ಲಿಗೇ ಬರುತ್ತಿದ್ದುದರಿಂದ ನಾನು ಅವನ ಕಣ್ಣಿನ ಬಗ್ಗೆ ದೂರಿದವನಲ್ಲ.

ಯಾರು ಏನನ್ನೇ ಕೇಳಲಿ, ಅವನದೊಂದೇ ಮಾತು: “ಗೋರಿಯಲ್ಲಿ ಸಿಕ್ಕಿದೆಯಾ?” ಪೂರ್ವಿಕರ ಗೋರಿಗಳನ್ನು ಅಗೆದಾಗ ಸಿಕ್ಕಿದ್ದಕ್ಕೆ ಮಾತ್ರ ಅವನ ಒಪ್ಪಿಗೆ. ಶುಭಕಾರ್ಯದ ಮಾತುಕತೆಯಲ್ಲಿ ಗಳಿಗೆಗೊಮ್ಮೆ ಗೋರಿಯ ಹೆಸರೆತ್ತುವ ಮದುವೆಯ ಯಜಮಾನನನ್ನು ನಾನು ಬೇರೆಲ್ಲೂ ಕಂಡಿಲ್ಲ. ಸ್ಟಾಕ್‌ಹೋಮಿನ ವರನೊಬ್ಬ ತನ್ನ ಶಿರಸ್ತ್ರಾಣಕ್ಕೆ, ಯಾವ ವೈಕಿಂಗನೂ ಧರಿಸದಿದ್ದ ಕೊಂಬು ಬೇಕೆಂದು ಹಟ ಹಿಡಿದಾಗ ಟೋರ್ಗ್ನಿ ಬೇಲಿಯಾಚೆ ಕೈ ತೋರಿಸಿ, “ಅಲ್ಲಿ ಟಗರುಗಳು ಮೇಯ್ತಿದಾವೆ, ಕೊಡ್ತಾವಾ ಕೇಳು,” ಎಂದ. ಅವನು ಕೈ ತೋರಿಸಿದ ಕಡೆ ಟಗರುಗಳಿರಲಿಲ್ಲ, ವಧುವಿನ ಬಂಧುಗಳು ನಿಂತಿದ್ದರು. ಮತ್ತೊಂದು ಸಲ ವಧೂವರರ ಕೈಗಳನ್ನು ನೇಯ್ದ ಪಟ್ಟಿಯಿಂದ ಕಟ್ಟುವಾಗ ವರನ ಅಣ್ಣನ ಕೈಯನ್ನೇ ಹಿಡಿದು ಬಿಗಿಯಾಗಿ ಗಂಟು ಹಾಕಿಬಿಟ್ಟ. ನಗೆಯೆಲ್ಲ ಅಡಗಿದ ಮೇಲೆ, “ಇಬ್ಬರೂ ಒಂದೇ ಥರ ಗಡ್ಡ ಬಿಟ್ರೆ ನಾನೇನು ಮಾಡ್ಲಿ?” ಎಂದು ವರನನ್ನೇ ಗದರಿಸಿದ.

ಅಂಥವನ ಒಬ್ಬಳೇ ಮಗಳು ಸಿಗ್ನೆ. ಬಿಡಾರದ ಹುಲ್ಲಿನ ಮೇಲೆಯೇ ನಡೆಯಲು ಕಲಿತವಳು. ಅವಳ ಮದುವೆ ಹೇಗೆ ನಡೆಯಬೇಕೆಂಬುದು ಅವಳಿಗೆ ಹಲ್ಲು ಬರುವ ಮೊದಲೇ ಅವನ ಮನಸ್ಸಿನಲ್ಲಿ ಸಿದ್ಧವಾಗಿತ್ತು. ಬಡಗಿ ಹಂಪಸ್‌ನನ್ನು ಮದುವೆಯಾಗುವುದಾಗಿ ಅವಳು ಹೇಳಿದಾಗ ಹುಡುಗನ ಕುಲ ಗೋತ್ರ ವಿಚಾರಿಸದೆ, ಕುರಿ ಯಾವುದು, ಜೇನುಮದ್ಯ ಎಂದು ಹದಕ್ಕೆ ಬರುತ್ತದೆ ಎಂದು ಯೋಚಿಸತೊಡಗಿದ. ಕೇಸರಿ ಹಾಕಿದ ಅನ್ನದ ಪ್ಯಾನ್‌ಕೇಕ್ ಇಲ್ಲದೆ ನಮ್ಮ ದ್ವೀಪದಲ್ಲಿ ಮದುವೆಯುಂಟೇ ಎಂದು ಹೆಂಡತಿ ಗುನ್ವೊರ್ ಎದ್ದು ನಿಂತಾಗ ಮಾತ್ರ ತುಸು ಗದ್ದಲವಾಯಿತು. ಅಕ್ಕಿ ಯಾವ ಗೋರಿಯಲ್ಲಿಯೂ ಸಿಕ್ಕಿರಲಿಲ್ಲ. ಕೊನೆಗೆ ಅದನ್ನು ಬೇಲಿಯ ಹೊರಗೆ, ಕಾರಿನ ಡಿಕ್ಕಿಯಿಂದ ಬಡಿಸುವುದೆಂದು ತೀರ್ಮಾನವಾಯಿತು.

ಆದರೆ ಸಿಗ್ನೆಯ ಬೇಡಿಕೆಗೆ ಬೇಲಿಯ ಹೊರಗೆ ಜಾಗವಿರಲಿಲ್ಲ. ನಾನು ಮದುವೆಯ ಬಟ್ಟೆ ತೋರಿಸಲೆಂದು ಅವರ ಅಡುಗೆಮನೆಯಲ್ಲಿ ಕೂತಿದ್ದಾಗಲೇ ಅವಳು ಕೇಳಿದಳು.

“ಪಪ್ಪಾ, ಅವತ್ತು ಒಂದು ದಿನ ಕನ್ನಡಕ ಹಾಕ್ಕೋ.”

“ನಿಯಮ ಇದೆಯಲ್ಲಮ್ಮ.”

“ಬರೆದೋನು ನೀನೇ.”

“ಅದಕ್ಕೇ ಹೇಳ್ತಿರೋದು.”

ಗುನ್ವೊರ್ ಒಲೆಯ ಕಡೆಯಿಂದ ತಿರುಗದೆಯೇ, “ನಮ್ಮ ಮದುವೇಲೂ ಕನ್ನಡಕ ಮರೆತು ಬಂದಿದ್ದ. ನೋಡಿ ಒಪ್ಪಿದಾನೆ ಅನ್ನೋ ಭ್ರಮೆ ನನಗಂತೂ ಇಲ್ಲ,” ಎಂದಳು.

ಸಿಗ್ನೆ ನಗಲಿಲ್ಲ. “ನಿನ್ನ ಕಣ್ಣಿಗೆ ಮಂಜಿನ ಮುದ್ದೆ ಥರ ಕಾಣ್ತಾ ನಾನು ಮದುವೆ ಆಗಲ್ಲ. ಪುರಸಭೆ ಕಚೇರೀಲಿ ಸಹಿ ಹಾಕಿ ಬರ್ತೀವಿ. ಅಲ್ಲಿಗಾದ್ರೆ ಕನ್ನಡಕ ಹಾಕ್ಕೊಂಡು ಬರ್ತೀಯಲ್ಲ.”

ಟೋರ್ಗ್ನಿ ಬಟ್ಟೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದ. ಆಮೇಲೆ, ನನ್ನನ್ನು ಉದ್ದೇಶಿಸಿದಂತೆ, “ಓಲಂದ್ ದ್ವೀಪದಿಂದ ಬರ್ತಿದ್ದ ಆ ಮುದುಕಿ, ಬ್ರೆಡ್ ಮಾಡ್ತಿದ್ದೋಳು, ನೆನಪಿದೆಯಾ? ಕನ್ನಡಕ ತೆಗೆಸಿದ್ದೆ. ದಿನವಿಡೀ ಕೈ ಸುಟ್ಕೊಂಡ್ಲು, ಒಂದು ಮಾತೂ ಆಡಲಿಲ್ಲ. ಈಗ ನನ್ನ ಮಗಳ ಮದುವೆ ಅಂತ ನನಗೆ ಬೇರೆ ನಿಯಮವಾ?” ಎಂದ.

ಮರುವಾರ ಸಿಗ್ನೆ ನನ್ನ ಅಂಗಡಿಗೆ ಬಂದು, ಬೆಳ್ಳಿಯ ಕಟ್ಟಿನ ಸ್ಫಟಿಕದ ಮಸೂರವೊಂದನ್ನು ಆರಿಸಿದಳು. ಅಂಥವು ನಮ್ಮ ದ್ವೀಪದ ಹಳೆಯ ಗೋರಿಗಳಲ್ಲಿ ನಿಜಕ್ಕೂ ಸಿಕ್ಕಿವೆ. ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವ ಹರಳಿನಿಂದ ನಿಮ್ಮಪ್ಪನಿಗೆ ದೂರದ್ದು ಕಾಣುವುದಿಲ್ಲವೆಂದು ನಾನು ಹೇಳಿದೆ. ಇಂಥದನ್ನು ವ್ಯಾಪಾರಿ ಒಮ್ಮೆ ಹೇಳಬೇಕು, ಎರಡನೆಯ ಸಲ ಹೇಳಬಾರದು. ಅವಳು ಕೊಂಡಳು. ಟೋರ್ಗ್ನಿ ಅದನ್ನು ಕಣ್ಣಿಗೆ ತಾಗಿಸಿ ನೋಡಿ, “ಸಿಕ್ಕಿದೆ. ಕೊರಳಲ್ಲಿ ಸಿಕ್ಕಿದೆ. ಮೂಗಿನ ಮೇಲೆ ಯಾರೂ ಕಂಡಿಲ್ಲ,” ಎಂದು ಹಿಂದಿರುಗಿಸಿದ. ಆಮೇಲೆ ಅವಳು ಆ ವಿಷಯ ಎತ್ತಲಿಲ್ಲ. ಬಿಡಾರಕ್ಕೆ ಬರುತ್ತಾಳೋ ಪುರಸಭೆಗೆ ಹೋಗುತ್ತಾಳೋ ಎಂಬುದನ್ನೂ ಯಾರಿಗೂ ಹೇಳಲಿಲ್ಲ.

ಮದುವೆಯ ದಿನ ಕುರಿ ಬೆಂದಿತ್ತು, ಜೇನುಮದ್ಯ ತಿಳಿಯಾಗಿತ್ತು, ಹಂಪಸ್ ತನ್ನ ಬಂಧುಗಳೊಂದಿಗೆ ಒಲೆಯ ಬಳಿ ನಿಂತಿದ್ದ. ಯೋಜನೆಯಂತೆ ವಧು ದೋಣಿಯಲ್ಲಿ ಬರಬೇಕು. ಟೋರ್ಗ್ನಿ ಸುಣ್ಣಕಲ್ಲಿನ ದಂಡೆಯಲ್ಲಿ ಸಮುದ್ರಕ್ಕೆ ಮುಖಮಾಡಿ, ನನ್ನ ತೋಳಿಗೆ ತೋಳು ತಾಗಿಸಿ ನಿಂತಿದ್ದ.

“ಬರ್ತಿದೆಯಾ?”

“ದೋಣಿ ಬರ್ತಿದೆ.”

“ಅವಳಿದ್ದಾಳಾ?”

“ಇದ್ದಾಳೆ.”

“ಏನು ಉಟ್ಟಿದ್ದಾಳೆ?”

“ನೀಲಿ.”

“ಯಾವ ನೀಲಿ?”

“ನಾನು ಮಾರಿದ ನೀಲಿ. ಸುಮ್ಮನೆ ನಿಲ್ಲು.”

ದೋಣಿ ದಡಕ್ಕೆ ತಾಗಿತು. ವಧು ಸೋದರತ್ತೆಯ ಕೈ ಹಿಡಿದು ವರನತ್ತ ನಡೆಯಬೇಕಿತ್ತು. ಸಿಗ್ನೆ ಅತ್ತೆಯ ಕೈ ಬಿಟ್ಟು, ಹಂಪಸ್‌ಗೆ ತಾಳು ಎಂಬಂತೆ ಸನ್ನೆ ಮಾಡಿ, ನೆಟ್ಟಗೆ ತಂದೆಯ ಬಳಿಗೆ ಬಂದಳು. ಬಂದವಳು ನಿಲ್ಲಲಿಲ್ಲ, ಇಬ್ಬರ ಮೂಗು ಇನ್ನೇನು ತಾಗಬೇಕೆನ್ನುವಷ್ಟು ಹತ್ತಿರವಾದ ಮೇಲೆ ನಿಂತಳು.

“ಈಗ?”

“ಈಗ ಕಾಣ್ತಿದ್ದೀಯ,” ಎಂದ ಟೋರ್ಗ್ನಿ.

ಅವನು ನೋಡಿದ. ಹಣೆ, ಹುಬ್ಬು, ಗಲ್ಲ, ಕೊರಳಿನ ಕಂಚಿನ ಪದಕ, ಎಲ್ಲವನ್ನೂ ನಿಧಾನವಾಗಿ, ಜಾತ್ರೆಗೆ ಮೊದಲ ಸಲ ಬಂದವನಂತೆ ನೋಡಿದ. ಕತ್ತುಪಟ್ಟಿಯ ಬಳಿ ಅವನ ದೃಷ್ಟಿ ನಿಂತಾಗ ಗುನ್ವೊರ್ ಹಿಂದಿನಿಂದ ನನ್ನ ತೋಳನ್ನು ಹಿಡಿದಳು. ಉಡುಪೆಲ್ಲ ಕೈಹೊಲಿಗೆಯೇ, ಕೊನೆಗೆ ಸಮಯ ಸಾಲದೆ ಕತ್ತುಪಟ್ಟಿಯೊಂದನ್ನು ಮಾತ್ರ ಅವಳು ಹೊಲಿಗೆ ಯಂತ್ರದಲ್ಲಿ ಹೊಲಿದುಬಿಟ್ಟಿದ್ದಳು. ಟೋರ್ಗ್ನಿ ಆ ಒಂದೇ ಸಮನಾದ ಸಣ್ಣ ಹೊಲಿಗೆಯನ್ನು ಬೆರಳುಗಳ ನಡುವೆ ಹಿಡಿದು ಉದ್ದಕ್ಕೂ ಸವರಿದ.

“ಅಮ್ಮ ಹೊಲಿದದ್ದಾ?”

“ಹೂಂ ಪಪ್ಪ.”

“ಗಟ್ಟಿಯಾಗಿದೆ,” ಎಂದು ಪಟ್ಟಿಯನ್ನು ಸರಿಮಾಡಿ, ಅವಳ ಭುಜ ಹಿಡಿದು ವರನ ದಿಕ್ಕಿಗೆ ತಿರುಗಿಸಿದ.

ನಿಯಮದ ಮನುಷ್ಯರು ಎಲ್ಲ ಊರಲ್ಲೂ ಇರುತ್ತಾರೆ. ವ್ಯಾಪಾರಕ್ಕೆ ಒಳ್ಳೆಯವರಲ್ಲ, ಎಳೆ ಎಳೆಯನ್ನೂ ಬೆಳಕಿಗೆ ಹಿಡಿದು ತಲೆನೋವು ತರುತ್ತಾರೆ. ಎಲ್ಲದಕ್ಕೂ ತಲೆಯಾಡಿಸುವ ಸರಸಿಗಳ ಸಹವಾಸವೇ ಹಿತವೆಂದು ನಾನೂ ಬಹುಕಾಲ ನಂಬಿದ್ದೆ. ಆದರೆ ಎಲ್ಲವನ್ನೂ ಬಿಟ್ಟುಕೊಡುವವರು ಏನನ್ನಾದರೂ ಕೊಟ್ಟರೆಂದು ತಿಳಿಯುವುದು ಹೇಗೆ? ಬದುಕೆಲ್ಲ ಒಂದು ಎಳೆಯನ್ನೂ ಬಿಡದವನು ಒಂದು ಹೊಲಿಗೆಯನ್ನು ಕಂಡೂ ಸುಮ್ಮನಾದಾಗ, ಅದು ಎಷ್ಟು ದೊಡ್ಡ ಉಡುಗೊರೆಯೆಂಬುದು ಅದನ್ನು ಪಡೆದವರಿಗೆ ಯಾರೂ ಹೇಳಬೇಕಾಗುವುದಿಲ್ಲ.