ಬದುಕಿದ್ದ ಗಂಡನಿಗೆ ಒಪ್ಪಾರಿ

ಉಸಿಲಂಪಟ್ಟಿ ಸುತ್ತಿನ ಏಳು ಹಳ್ಳಿಗಳಲ್ಲಿ ವಿರುಮಾಯಿ ಬಂದು ಸತ್ತವರ ಗುಣಗಾನದ ಒಪ್ಪಾರಿ ಹಾಡಿ ಅಳದಿದ್ದರೆ ಹೆಣಗಳೇ ಚಟ್ಟ ಹತ್ತಲು ಒಪ್ಪುತ್ತಿರಲಿಲ್ಲ. ಅವಳು ಎದೆ ಬಡಿದುಕೊಂಡು ದನಿಯೆತ್ತಿದರೆ ತಾಳೆಕಾಯಿಗಳು ಉದುರುತ್ತಿದ್ದವು. ಒಮ್ಮೆಯಂತೂ ಸತ್ತವನ ಬದ್ಧವೈರಿಯೇ ಮೂರು ದಿನ ಅನ್ನ ಬಿಟ್ಟಿದ್ದ.

ಅಂಥವಳು ಊರಿನ ಹುಡುಗ ಇಳಂಗೋ ತೆಗೆಯುತ್ತಿದ್ದ ಸಿನಿಮಾದಲ್ಲಿ ಬೆಪ್ಪಾಗಿ ಕೂತಳು. ಸಿನಿಮಾ ಎಂದರೆ ಒಂದು ಕ್ಯಾಮೆರಾ, ನಾಲ್ಕು ಜನ, ಹೆಣದ ಪಾತ್ರಕ್ಕೆ ಮೇಕೆ ದಲ್ಲಾಳಿ ಸೋಣೈ. ಸತ್ತ ಗಂಡನಿಗಾಗಿ ಅವಳು ಅಳಬೇಕು. ಅಳು ಬರಲೊಲ್ಲದು.

“ಏನಾಯ್ತಕ್ಕಾ?” ಇಳಂಗೋ ಕೇಳಿದ.

“ಸತ್ತೋನು ಏನ್ ತಿಂತಿದ್ದ, ಯಾರಿಗೆ ಏನ್ ಮಾಡ್ದ ಅಂತ ಗೊತ್ತಿಲ್ದೆ ಹೆಂಗಪ್ಪಾ ಹಾಡ್ಲಿ? ಈ ಸೋಣೈ ಬೇರೆ ಹೊಟ್ಟೆ ಕುಣಿಸ್ತಾವ್ನೆ.”

“ನೊಣ ಕೂತಿತ್ತು ಕಣಮ್ಮೋ,” ಎಂದಿತು ಹೆಣ.

“ನಿಮಗೆ ಗೊತ್ತಿರೋ ಗಂಡಸನ್ನ ನೆನೆಸ್ಕೊಳ್ಳಿ,” ಎಂದ ಇಳಂಗೋ.

ಅವಳಿಗೆ ಗೊತ್ತಿದ್ದ ಗಂಡಸು ಒಬ್ಬನೇ: ಗಂಡ, ಟೀ ಅಂಗಡಿಯ ಮೊಕ್ಕಸಾಮಿ. ಅವನ ಮೀಸೆ ಕಂಡರೆ ಊರ ಕೋಣಗಳೂ ದಾರಿ ಬಿಡುತ್ತಿದ್ದವು. ವಿರುಮಾಯಿ ಕಣ್ಣು ಮುಚ್ಚಿ ಅವನನ್ನೇ ಚಾಪೆಯ ಮೇಲೆ ಮಲಗಿಸಿದಳು. ಗಂಟಲು ತಾನಾಗಿ ಬಿಚ್ಚಿಕೊಂಡಿತು.

“ಟೀ ಕಾಸೋ ಕೈಯಲ್ಲೇ ನನ್ನ ಸೀರೆ ಒಗೆದ ದೊರೆಯೇ! ಕದ ಹಾಕ್ಕೊಂಡು ನನ್ನ ಕಾಲೊತ್ತಿದ ರಾಜನೇ! ಗುಡುಗಿಗೆ ಹೆದರಿ ನನ್ನ ಸೆರಗು ಹಿಡಿದ ಹುಲಿಯೇ!”

ಹೆಣವೂ ಬಿಕ್ಕಿತು.

ಸಿನಿಮಾವನ್ನು ಶಾಲೆಯ ಗೋಡೆಯ ಮೇಲೆ ತೋರಿಸಿದ ಸಂಜೆ, ಊರು ಮೊದಲು ಅತ್ತಿತು. ಆಮೇಲೆ ಯಾರಿಗೋ ಹೊಳೆಯಿತು, ಹಾಡಿನ ಗಂಡ ಮೊಕ್ಕಸಾಮಿಯೇ ಎಂದು.

“ಮಾವೋ, ನಮ್ಮನೇಲೂ ಎರಡು ಸೀರೆ ಅವೆ, ಕಳಿಸ್ಲಾ?”

ನಗೆಯ ಹೊಡೆತಕ್ಕೆ ಶಾಲೆಯ ಹೆಂಚುಗಳು ಹಾರಿದವು. ಮೊಕ್ಕಸಾಮಿ ತಲೆ ತಗ್ಗಿಸಿ ಎದ್ದು ಹೋದ.

“ಬದುಕಿರೋ ಗಂಡಂಗೆ ಒಪ್ಪಾರಿ ಹಾಡಿದ್ಯಲ್ಲೇ, ನಿನ್ನ ಬಾಯಿ ಬಿದ್ದೋಗ!” ಎಂದಳು ಪಕ್ಕದ ಮುದುಕಿ.

ವಿರುಮಾಯಿ ಇಳಂಗೋನ ಕೈ ಹಿಡಿದಳು. “ಅದೊಂದನ್ನ ತೆಗೆದ್ಬಿಡಪ್ಪಾ.”

“ಅದನ್ನ ತೆಗೆದ್ರೆ ಸಿನಿಮಾನೇ ಇಲ್ಲಕ್ಕಾ.”

ದನದ ಓಣಿಯಲ್ಲಿ ಕಳ್ಳಿಯಂತೆ ನುಸುಳಿ ಅವಳು ಮನೆ ಸೇರಿದಳು. ಮೊಕ್ಕಸಾಮಿ ಹೊಸ್ತಿಲ ಮೇಲೆ ಕೂತಿದ್ದ.

“ಎಲ್ರ ಮುಂದೆ ನಿನ್ನ ಮಾನ ತೆಗೆದ್ಬಿಟ್ಟೆ. ಬೈಯಾದ್ರೂ ಬೈಯಿ.”

“ಊರೋರು ನಗ್ಲಿ, ನಾಕು ದಿನ.” ಅವನು ಅವಳ ಮುಖ ನೋಡಲಿಲ್ಲ. “ನಾನು ನಿಜವಾಗ್ಲೂ ಹೋದಾಗ ಏನ್ ಹಾಡ್ತೀಯೇ? ಇರೋದನ್ನೆಲ್ಲಾ ಆ ಸೋಣೈಗೆ ಹಾಡ್ಬಿಟ್ಯಲ್ಲ.”

ಅಳು ಹೊರಗೆ ಕೇಳದಂತೆ ವಿರುಮಾಯಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು.