ಇಳಿಜಾರಿನ ಕಾರು

ನಮ್ಮೂರಿನಲ್ಲಿ ಕಾರು ಇದ್ದವರೆಲ್ಲ ಮನೆಯ ಮುಂದೆ ನಿಲ್ಲಿಸುತ್ತಾರೆ. ನಾನು ಮಾತ್ರ ಮನೆಯಿಂದ ಐವತ್ತು ಹೆಜ್ಜೆ ಮೇಲೆ, ಹಲಸಿನ ಮರದ ಹತ್ತಿರ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆ. ಮನೆ ಮುಂದೆ ಜಾಗ ಇಲ್ಲ ಅಂತಲ್ಲ. ಕಾಫಿ ಒಣಗಿಸುವ ಸಿಮೆಂಟು ಕಣ ಇದೆ, ಹತ್ತು ಕಾರು ಹಿಡಿಸುತ್ತದೆ. ಆದರೆ ಕಣ ಸಮತಟ್ಟು. ಸಮತಟ್ಟು ಜಾಗದಲ್ಲಿ ಒಮ್ಮೆ ನಿಂತರೆ ನನ್ನ ಕಾರು ಮತ್ತೆ ಹೊರಡುವ ಜಾತಿಯದಲ್ಲ.

ನಾನು ಗಂಗಾಮಣಿ. ಹಾನುಬಾಳಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೇನೆ. ಬಾಯಿ ಸ್ವಲ್ಪ ಜೋರು, ಅದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ. ಮನೆಯಿಂದ ಅಂಗಡಿಗೆ ಆರು ಕಿಲೋಮೀಟರು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಎಸ್ಟೇಟಿನ ಜೀಪಿನಲ್ಲಿ, ಹೊಲಿದ ಬ್ಲೌಸುಗಳ ಗಂಟು ಹಿಡಿದುಕೊಂಡು ನೇತಾಡಬೇಕು. ಇಪ್ಪತ್ತು ವರ್ಷ ನೇತಾಡಿದೆ. ಕೊನೆಗೆ ಐವತ್ತು ತುಂಬುವ ಹೊತ್ತಿಗೆ ಡ್ರೈವಿಂಗ್ ಕಲಿತು, ದಿನಸಿ ಅಂಗಡಿಯ ಶಾಂತಮಲ್ಲಪ್ಪನವರ ಹಳೆಯ ಕಾರನ್ನು ಕೊಂಡೆ. ಹದಿನೆಂಟು ವರ್ಷ ದಾಟಿದ ಕಾರು. ಹುಟ್ಟಿದಾಗ ಬೆಳ್ಳಗೆ ಇತ್ತಂತೆ. ನನ್ನ ಕೈಗೆ ಬರುವಾಗ ಹಾಲು ಕಡಿಮೆ ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಶಾಂತಮಲ್ಲಪ್ಪನವರು ಸುಳ್ಳು ಹೇಳುವ ಮನುಷ್ಯರಲ್ಲ.

"ಸೆಲ್ಫ್ ಹೊಡೆಯಲ್ಲ ಕಣವ್ವ, ಬರೀ ಕೀ ತಿರುಗ್ಸಿದ್ರೆ ಸ್ಟಾರ್ಟ್ ಆಗಲ್ಲ," ಎಂದರು ಕೀ ಕೊಡುವಾಗ. "ಆದ್ರೆ ನಮ್ಮ ಕಡೆ ಸೆಲ್ಫ್ ಯಾಕವ್ವ ಬೇಕು? ಎಲ್ಲಿ ನೋಡಿದ್ರೂ ಇಳಿಜಾರೇ ಐತಲ್ಲ. ಕೀ ಅರ್ಧ ತಿರುಗ್ಸು, ಬ್ರೇಕ್ ಬಿಡು, ಇಳೀತಾ ಇದ್ದಂಗೆ ಎರಡನೇ ಗೇರ್ ಹಾಕಿ ಕ್ಲಚ್ ಬಿಡು. ಎದ್ದು ಓಡ್ತೈತೆ."

ಆಮೇಲೆ ಸೀಟಿನ ಕೆಳಗಿಂದ ತೆಂಗಿನಕಾಯಿಯಷ್ಟು ದಪ್ಪದ ಒಂದು ಕರಿ ಕಲ್ಲು ತೆಗೆದು ನನ್ನ ಕೈಗಿಟ್ಟರು. "ಇದೂ ಕಾರಿನ ಜೊತೇದೇ. ನಿಲ್ಲಿಸಿದ ತಕ್ಷಣ ಚಕ್ರಕ್ಕೆ ಕೊಡು. ಹ್ಯಾಂಡ್ ಬ್ರೇಕ್ ನಂಬ್ಕೋಬ್ಯಾಡ."

ಹಾಗೆ ನನ್ನ ಬದುಕು ಇಳಿಜಾರಿನ ಲೆಕ್ಕಕ್ಕೆ ಬಿತ್ತು. ಅಂಗಡಿಯ ಪಕ್ಕದ ಇಳಿಜಾರು, ಸೊಸೈಟಿಯ ಹಿಂದಿನ ಇಳಿಜಾರು, ಮದುವೆ ಛತ್ರಕ್ಕೆ ಹೋದರೆ ಅದರ ಮೇಲಿನ ತಿರುವು. ಊಟದ ಎಲೆ ಹಾಕುವ ಮುಂಚೆ ನಾನು ಇಳಿಜಾರು ಹುಡುಕುತ್ತಿದ್ದೆ. ಆದರೂ ಆ ಕಾರಿನಲ್ಲಿ ಕೂತು, ಗಂಟನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಕಿಟಕಿ ಇಳಿಸಿ ಹೋಗುವಾಗ ನನಗೆ ಆಗುತ್ತಿದ್ದ ಖುಷಿಗೆ ಮಿತಿಯೇ ಇರಲಿಲ್ಲ. ಜೀಪು ಎದುರಿಗೆ ಬಂದರೆ ಬೇಕಂತಲೇ ಎರಡು ಸಲ ಹಾರ್ನ್ ಹೊಡೆಯುತ್ತಿದ್ದೆ.

ಅದೇ ಖುಷಿಯಲ್ಲಿ ಒಂದು ತಪ್ಪು ಮಾಡಿದೆ. ಕಾರು ತಂದ ದಿನವೇ ಹಾಸನದಲ್ಲಿರುವ ನಮ್ಮಕ್ಕ ಭೂತಮ್ಮನಿಗೆ ಫೋನು ಮಾಡಿ, "ಅಕ್ಕಾ, ಕಾರು ತಗೊಂಡೆ ಕಣೇ! ಮುಂದಿನ ಭಾನುವಾರ ಬಂದು ನಿನ್ನ ಕರ್ಕೊಂಡ್ ಬರ್ತೀನಿ" ಎಂದುಬಿಟ್ಟೆ. ಅಕ್ಕನಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಅವಳ ಮಗ ದೇವೇಂದ್ರ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಅವಳು ನಮ್ಮ ಬೆಟ್ಟದ ಕಡೆ ಬಂದು ವರ್ಷಗಳೇ ಆಗಿದ್ದವು.

ಫೋನು ಇಟ್ಟ ಮೇಲೆ ನೆನಪಾಯಿತು, ಹಾಸನ ಸಮತಟ್ಟು. ಅಕ್ಕನ ಬೀದಿಯಂತೂ ಗೋಲಿ ಇಟ್ಟರೆ ಅಲ್ಲಾಡದಷ್ಟು ಸಮತಟ್ಟು. ಅಲ್ಲಿನ ಸಿಗ್ನಲ್ಲಿನಲ್ಲಿ ಕಾರು ಆಫ್ ಆದರೆ ನನ್ನ ಗತಿ ಏನು? ಅಷ್ಟು ಜಂಬ ಕೊಚ್ಚಿಕೊಂಡ ಮೇಲೆ "ನನ್ನ ಕಾರು ಹಾಸನದಲ್ಲಿ ಸ್ಟಾರ್ಟ್ ಆಗಲ್ಲ" ಅಂತ ಯಾವ ಬಾಯಲ್ಲಿ ಹೇಳಲಿ? ಮೊದಲು ಮಳೆ ಅಂದೆ. ಆಮೇಲೆ ಕಾಫಿ ಕೊಯ್ಲು ಅಂದೆ. ಮದುವೆ ಬ್ಲೌಸುಗಳು ಅಂದೆ. ಹೀಗೆ ಒಂದೂವರೆ ವರ್ಷ ತಳ್ಳಿದೆ.

ಮೆಕ್ಯಾನಿಕ್ ಶಿವು ಮೊದಲೇ ಹೇಳಿದ್ದ, ಹೊಸ ಸೆಲ್ಫ್ ಹಾಕಿಸಿ ಅಂತ. ಅವನು ಹೇಳಿದ ರೇಟು ಕೇಳಿ ಅವನಿಗೆ ಹಿಗ್ಗಾಮುಗ್ಗಾ ಬೈದಿದ್ದೆ. ಬೈದ ಮೇಲೆ ಆ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಹೋದ ದೀಪಾವಳಿಗೆ ಸರ್ವಿಸ್‌ಗೆ ಬಿಟ್ಟು ವಾಪಸ್ಸು ತರುವಾಗ, "ಅಕ್ಕಾ, ಒಂದ್ನಿಮಿಷ!" ಅಂತ ಕೂಗಿಕೊಂಡು ಕಾರಿನ ಹಿಂದೆ ಓಡಿಬಂದ. ಬಿಲ್ಲಿನ ವಿಷಯವೇ ಇರಬೇಕೆಂದು, "ನಾಳೆ ಬತ್ತೀನಿ ಹೋಗೋ!" ಅಂತ ಕೈ ಬೀಸಿ ಇಳಿಜಾರಿನಲ್ಲಿ ಬಿಟ್ಟುಕೊಂಡು ಬಂದೆ. ಅವನ ಗ್ಯಾರೇಜೂ ಇಳಿಜಾರಿನಲ್ಲೇ ಇದೆ.

ಈ ಮಾರ್ಚಿಗೆ ಕಾರಿನ ಆರ್‌ಸಿ ಮುಗಿಯುತ್ತಿತ್ತು. ಹಳೆಯ ಗಾಡಿಗಳನ್ನು ಐದು ವರ್ಷಕ್ಕೊಮ್ಮೆ ತಪಾಸಣೆಗೆ ತೋರಿಸಬೇಕು. ಪಾಸಾದರೆ ಇನ್ನೈದು ವರ್ಷ ಓಡಬಹುದು, ಫೇಲಾದರೆ ಗುಜರಿಯೇ ಗತಿ. ತಪಾಸಣೆ ನಡೆಯುವುದು ಸಕಲೇಶಪುರದ ಒಂದು ಬಯಲಿನಲ್ಲಿ. ನಾನು ಒಂದು ದಿನ ಮುಂಚೆಯೇ ಹೋಗಿ ನೋಡಿಬಂದೆ. ಇಡೀ ತಾಲ್ಲೂಕಿನಲ್ಲಿ ಹುಡುಕಿ ಹುಡುಕಿ ಸಮತಟ್ಟು ಜಾಗವನ್ನೇ ಆರಿಸಿಕೊಂಡಿದ್ದರು.

ಅವತ್ತೇ ಸಂಜೆ ಅಕ್ಕನ ಫೋನು ಬಂತು.

"ಹೂಮಳೆ ಬಿತ್ತಂತೆ ಗಂಗಾ?"

"ಹ್ಞೂ ಅಕ್ಕ, ಹೋದ ವಾರ ಜೋರಾಗೇ ಬಿತ್ತು."

"ಹಂಗಾರೆ ಈಗ ತೋಟ ಎಲ್ಲಾ ಬೆಳ್ಳಗಾಗಿರ್ತೈತೆ. ಕಾಫಿ ಹೂ ನೋಡಿ ಐದು ವರ್ಷ ಆಯ್ತು ಕಣೇ. ನಿನ್ಗೆ ಕೆಲ್ಸ ಇದ್ರೆ ಬ್ಯಾಡ ಬಿಡು. ನಾನೇನು ಬೇಜಾರ್ ಮಾಡ್ಕಳಲ್ಲ."

ಅವಳು ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಬೈಯಲಿಲ್ಲ. ತಂಗಿಗೆ ನಾನು ಬೇಡವಾಗಿದ್ದೇನೆ ಅಂತ ಅವಳು ತಿಳಿದುಕೊಂಡಿದ್ದಾಳೆ ಅನ್ನುವುದು ಆ ಮೆತ್ತಗಿನ ದನಿಯಲ್ಲೇ ಗೊತ್ತಾಯಿತು. ಫೋನು ಇಟ್ಟು ಒಲೆ ಮುಂದೆ ಕೂತು ಅತ್ತೆ. ಕಾಫಿ ಹೂ ಮೂರು ನಾಲ್ಕು ದಿನದ್ದು, ಆಮೇಲೆ ಕಂದಿ ಹೋಗುತ್ತದೆ. ನಾಳೆ ಕಾರು ಪಾಸಾದರೆ ಅಲ್ಲಿಂದಲೇ ನೇರ ಹಾಸನ, ಸಿಗ್ನಲ್ಲಿನಲ್ಲಿ ಕಂಡವರ ಕಾಲು ಹಿಡಿದಾದರೂ ತಳ್ಳಿಸಿಕೊಳ್ಳುತ್ತೇನೆ ಅಂತ ನಿಶ್ಚಯ ಮಾಡಿದೆ.

ಬೆಳಿಗ್ಗೆ ಏಳಕ್ಕೆ ಹಲಸಿನ ಮರದಿಂದ ಕಾರು ಬಿಟ್ಟೆ. ಪಕ್ಕದಲ್ಲಿ ನಮ್ಮ ಯಜಮಾನರು, ಬೋರಯ್ಯ. ನಮ್ಮ ಉಪಾಯ ಇಷ್ಟೇ. ಮನೆಯಿಂದ ಹೊರಟ ಇಂಜಿನ್ನನ್ನು ತಪಾಸಣೆ ಮುಗಿಯುವವರೆಗೆ ಆಫ್ ಮಾಡುವುದೇ ಇಲ್ಲ. ಅಕಸ್ಮಾತ್ ಆಫ್ ಆದರೆ ತಳ್ಳಲು ಅವರು. ಅದಕ್ಕಾಗಿ ಅವರು ಐದು ಅಕ್ಕಿ ರೊಟ್ಟಿ ತಿಂದು ಹೊರಟಿದ್ದರು. ಬ್ರೇಕು, ಲೈಟು, ಹಾರ್ನು ಎಲ್ಲವನ್ನೂ ಶಿವು ಎರಡು ದಿನ ಮುಂಚೆ ಸರಿ ಮಾಡಿಕೊಟ್ಟಿದ್ದ. "ಎಲ್ಲಾ ಸರಿ ಐತೆ ಅಕ್ಕ, ಹೆದರ್ಬ್ಯಾಡಿ" ಅಂದಿದ್ದ. ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಂಡಿದ್ದೆ.

ಬಯಲಿನಲ್ಲಿ ನಮಗಿಂತ ಮುಂದೆ ನಾಲ್ಕು ಜೀಪು, ಎರಡು ಆಟೋ. ಮುಕ್ಕಾಲು ಗಂಟೆ ಇಂಜಿನ್ ಓಡುತ್ತಲೇ ಇತ್ತು. ನಮ್ಮ ಹಿಂದೆ ಬಂದು ನಿಂತ ಇನ್ನೊಂದು ಆಟೋದವನು ಹೊಗೆಗೆ ಕೆಮ್ಮಿ ಕೆಮ್ಮಿ, "ಆಫ್ ಮಾಡ್ರಮ್ಮಾ" ಅಂದ. "ನಿನ್ನ ಗಾಡಿ ನೀನ್ ನೋಡ್ಕೋ" ಅಂದೆ.

ಕೊನೆಗೆ ಇನ್‌ಸ್ಪೆಕ್ಟರ್ ಬಂದರು. ಎದೆಯ ಮೇಲೆ ಚೈತ್ರಶ್ರೀ ಅಂತ ಹೆಸರು. ನಮ್ಮ ಸೊಸೆಯಂದಿರ ವಯಸ್ಸಿನ ಹುಡುಗಿ. ಲೈಟು ನೋಡಿದರು, ವೈಪರ್ ನೋಡಿದರು, ಒಂದು ಸುತ್ತು ಓಡಿಸಿ ಬ್ರೇಕ್ ಹಾಕಿಸಿದರು. ಎಲ್ಲ ಸರಿಹೋಯಿತು. ನಾನು ಮನಸ್ಸಿನಲ್ಲೇ ಹಾಸನದ ದಾರಿ ಹಿಡಿದಿದ್ದೆ.

"ಇಂಜಿನ್ ನಂಬರ್ ನೋಡ್ಬೇಕು. ಆಫ್ ಮಾಡಿ," ಎಂದರು.

"ಓಡ್ತಾ ಇರೋವಾಗ್ಲೇ ನೋಡಿ ಮೇಡಂ, ನಂಬರ್ ಎಲ್ಲೂ ಹೋಗಲ್ಲ."

"ಆಫ್ ಮಾಡಿ ಅಮ್ಮಾ."

ಮಾಡಿದೆ. ಕಾರು ಒಂದು ಸಲ ಮೈ ಕೊಡವಿ ಸುಮ್ಮನಾಯಿತು. ಅವರು ನಂಬರ್ ಬರೆದುಕೊಂಡು, ಬಾನೆಟ್ ಹಾಕಿ, "ಈಗ ಸ್ಟಾರ್ಟ್ ಮಾಡಿ" ಅಂದರು.

ನಾನು ಕೆಳಗಿಳಿದೆ. "ರೀ, ಬನ್ರೀ," ಎಂದು ಕರೆದೆ. ಯಜಮಾನರು ಪಂಚೆ ಎತ್ತಿ ಕಟ್ಟಿ ಹಿಂದೆ ನಿಂತರು. ನಾನು ಬಾಗಿಲ ಪಕ್ಕ ಹೆಗಲು ಕೊಟ್ಟೆ.

"ಏನ್ ಮಾಡ್ತಿದೀರ?" ಇನ್‌ಸ್ಪೆಕ್ಟರ್ ಗಾಬರಿಯಾದರು.

"ಅದು ಹಂಗೇ ಮೇಡಂ, ಸೆಲ್ಫ್ ಇಲ್ಲ. ಆದ್ರೆ ಭಾರಿ ಒಳ್ಳೇ ಗಾಡಿ. ನಿಮ್ಮ ದಮ್ಮಯ್ಯ, ಫೇಲ್ ಮಾಡ್ಬ್ಯಾಡಿ. ನಮ್ಮಕ್ಕನ್ನ ಕರ್ಕೊಂಡ್ ಬರ್ಬೇಕು. ಹೂವು ಬಾಡ್ಹೋಗ್ತೈತೆ." ಏನು ಹೇಳುತ್ತಿದ್ದೇನೆ ಅಂತ ನನಗೇ ತಿಳಿಯಲಿಲ್ಲ. ಕಣ್ಣು ತುಂಬಿ ಬಂದಿತ್ತು.

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಡ್ರೈವರ್ ಸೀಟಿನಲ್ಲಿ ಕೂತು, ಗೇರ್ ನ್ಯೂಟ್ರಲ್ ಇದೆಯೇ ನೋಡಿ, ಕೀಯನ್ನು ಪೂರ್ತಿ ತಿರುಗಿಸಿದರು.

ಕಾರು ಸ್ಟಾರ್ಟ್ ಆಯಿತು.

ಎಳೆದಾಡಲಿಲ್ಲ, ಕೊಸರಾಡಲಿಲ್ಲ. ಹೊಸ ಕಾರಿನ ಹಾಗೆ ಒಂದೇ ಏಟಿಗೆ ಎದ್ದು ಕೂತಿತು. ಹಿಂದಿನಿಂದ ತಳ್ಳಲು ಬಾಗಿದ್ದ ಯಜಮಾನರು ಬಾಗಿದ ಹಾಗೆಯೇ ಉಳಿದರು. "ಸೆಲ್ಫ್ ಚೆನ್ನಾಗೇ ಇದೆಯಲ್ಲ ಅಮ್ಮಾ," ಅಂದರು ಇನ್‌ಸ್ಪೆಕ್ಟರ್. "ನೀವು ಕೀ ತಿರುಗಿಸಿ ನೋಡಿ ಎಷ್ಟು ದಿನ ಆಯ್ತು?"

ನಾನು ಲೆಕ್ಕ ಹಾಕಿದೆ. ಒಂದೂವರೆ ವರ್ಷದಲ್ಲಿ ಒಮ್ಮೆಯೂ ಪೂರ್ತಿ ತಿರುಗಿಸಿರಲಿಲ್ಲ.

ಅಲ್ಲಿಂದಲೇ ಶಿವುಗೆ ಫೋನು ಹಚ್ಚಿದೆ. "ಲೋ, ಸೆಲ್ಫ್ ಯಾವಾಗ ಹಾಕ್ದೆ ನೀನು?"

"ದೀಪಾವಳೀಲೇ ಹಾಕಿದ್ನಲ್ಲ ಅಕ್ಕ. ನಮ್ಮ ತಂಗಿ ಮದುವೆ ಬ್ಲೌಸೆಲ್ಲ ಒಂದೇ ದಿನದಲ್ಲಿ ಹೊಲ್ದು ಕೊಟ್ಟಿದ್ರಿ. ಅದಕ್ಕೇ ಗುಜರಿ ಗಾಡೀದು ಒಂದು ಸಿಕ್ತು, ಹಾಕಿದ್ದೆ. ಹೇಳಾಣ ಅಂತ ಹಿಂದೆ ಓಡ್ಬಂದೆ, ನೀವು ಹೋಗೇಬುಟ್ರಿ."

"ಆಮೇಲಾದ್ರೂ ಹೇಳ್ಬಾರ್ದೇನೋ?"

"ದಿನಾ ಇಳಿಜಾರಲ್ಲೇ ಬಿಟ್ಕೊಂಡು ಹೋಗ್ತಿದ್ರಲ್ಲ. ಪೆಟ್ರೋಲ್ ಉಳಿಸ್ತಾವ್ರೆ ಅನ್ಕೊಂಡೆ. ಹಾನುಬಾಳಲ್ಲಿ ಎಲ್ರೂ ಹಂಗೇ ಅನ್ಕೊಂಡವ್ರೆ ಅಕ್ಕ."

ಬೈಯಲು ಬಾಯಿ ತೆರೆದವಳು ನಗಲು ಶುರು ಮಾಡಿದೆ. ಯಜಮಾನರು ಮೊದಲೇ ನೆಲದ ಮೇಲೆ ಕೂತು ನಗುತ್ತಿದ್ದರು. ಕೆಮ್ಮುತ್ತಿದ್ದ ಆಟೋದವನೂ ನಕ್ಕ. ಇನ್‌ಸ್ಪೆಕ್ಟರ್ ನಗು ತಡೆದುಕೊಂಡು ಕಾಗದಕ್ಕೆ ಸೈನ್ ಹಾಕಿ, "ಹೋಗಿ ಅಮ್ಮಾ, ಹೂವು ಬಾಡುತ್ತೆ" ಅಂದರು.

ಬಾಳ್ಳುಪೇಟೆಯಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಸಮತಟ್ಟು ಜಾಗ ನೋಡಿಯೇ ನಿಲ್ಲಿಸಿದೆ. ಟೀ ಕುಡಿದು ಕೀ ತಿರುಗಿಸಿದೆ, ಸ್ಟಾರ್ಟ್. ಮತ್ತೆ ಆಫ್ ಮಾಡಿ ತಿರುಗಿಸಿದೆ, ಸ್ಟಾರ್ಟ್. ಆಲೂರಿನ ಕ್ರಾಸಿನಲ್ಲಿ ಯಾವ ಕಾರಣವೂ ಇಲ್ಲದೆ ನಿಲ್ಲಿಸಿ ಇನ್ನೊಮ್ಮೆ ನೋಡಿದೆ. "ಸಾಕು ಮಾರಾಯ್ತಿ, ಸವೆದ್ಹೋಗ್ತೈತೆ," ಅಂದರು ಯಜಮಾನರು.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನಾನು ಕಾರು ನಿಲ್ಲಿಸಿ, ಇಳಿದು, ಅಭ್ಯಾಸ ಬಲದಿಂದ ಕಲ್ಲು ತೆಗೆದು ಚಕ್ರಕ್ಕೆ ಕೊಟ್ಟೆ.

"ಕಲ್ಲು ಯಾಕೆ ಗಂಗಾ?" ಅಂದಳು. "ಈ ಬೀದೀಲಿ ಅದು ಎಲ್ಲಿಗೆ ಹೋದಾತು?"

ಅವಳ ಪಕ್ಕ ಕೂತು ಒಂದೂವರೆ ವರ್ಷದ ಸುಳ್ಳುಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಮಳೆ, ಕೊಯ್ಲು, ಬ್ಲೌಸು. ಮರ್ಯಾದೆಗೆ ಅಂಜಿ ನಿನ್ನನ್ನು ಕಾಯಿಸಿದೆ ಅಕ್ಕ, ತಪ್ಪಾಯಿತು ಅಂದೆ. ಅಕ್ಕ ನನ್ನ ತಲೆಗೆ ಒಂದು ಮೊಟಕಿದಳು.

"ಸ್ಟಾರ್ಟ್ ಆಗಲ್ಲ ಅಂದಿದ್ರೆ ಈ ಬೀದಿ ಜನ ಅಷ್ಟೂ ತಳ್ತಿದ್ರಲ್ಲೇ," ಅಂದು, ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬಟ್ಟೆ ಜೋಡಿಸಿಕೊಳ್ಳಲು ಹೊತ್ತಾಗಬಹುದು ಅಂದುಕೊಂಡೆ. ಎರಡು ನಿಮಿಷಕ್ಕೇ ಬ್ಯಾಗು ಹಿಡಿದು ಬಂದಳು.

"ಇಷ್ಟು ಬೇಗ ಕಟ್ಟಿದೆಯಾ?"

"ನೀನು ಕಾರು ತಗೊಂಡೆ ಅಂದ್ಯಲ್ಲ, ಅವತ್ತೇ ಕಟ್ಟಿಟ್ಟಿದ್ದೆ."

ಯಜಮಾನರನ್ನು ಹಿಂದಿನ ಸೀಟಿಗೆ ಕಳಿಸಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, "ನೀನೇ ತಿರುಗ್ಸು ಅಕ್ಕ" ಅಂತ ಕೀ ತೋರಿಸಿದೆ. ಅವರೆಕಾಯಿಯ ಸೊಗಡು ಮೆತ್ತಿದ ಬೆರಳಿನಿಂದ ತಿರುಗಿಸಿದಳು. ಕಾರು ಗುಡುಗಿದ ಕೂಡಲೇ "ಅಯ್ಯೋ ಶಿವನೇ!" ಅಂತ ಕೂಗಿ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು.

ಸಕಲೇಶಪುರ ದಾಟುವಾಗಲೇ ಕಿಟಕಿಯಿಂದ ಹೂವಿನ ವಾಸನೆ ಬರತೊಡಗಿತು. ಅಕ್ಕ ಮುಖ ಹೊರಗಿಟ್ಟು ಕೂತಳು. ಹಾನುಬಾಳು ದಾಟಿದ ಮೇಲೆ ದಾರಿಯ ಎರಡೂ ಕಡೆ ಗಿಡಗಳು ಬೆಳ್ಳಗೆ ಬಾಗಿದ್ದವು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ನಾನು ತಿರುಗಿ ನೋಡಲಿಲ್ಲ, ತಿರುವುಗಳು ಬಹಳ ಇದ್ದವು. ಕಲ್ಲು ಹಾಸನದ ಬೀದಿಯಲ್ಲೇ ಉಳಿದಿದ್ದು ಆಗ ನೆನಪಾಯಿತು.

ಹಲಸಿನ ಮರ ಬಂತು. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಅಲ್ಲಿ ನಿಲ್ಲಿಸಿದರೆ ಮನೆಗೆ ಐವತ್ತು ಹೆಜ್ಜೆ, ಅದೂ ಜಾರುವ ಇಳಿಜಾರು. ಅಕ್ಕ ಆಗಲೇ ಮಂಡಿಯ ಮೇಲೆ ಕೈಯಿಟ್ಟುಕೊಂಡು ಇಳಿಯಲು ಸಿದ್ಧಳಾಗಿದ್ದಳು.

"ಕೂತ್ಕೋ ಅಕ್ಕ," ಅಂದೆ.

ಕಾರನ್ನು ಕೆಳಗೆ ಬಿಟ್ಟೆ, ಗೇಟು ದಾಟಿಸಿದೆ, ಸಿಮೆಂಟು ಕಣದ ಉದ್ದಕ್ಕೂ ಓಡಿಸಿ ಜಗಲಿಗೆ ಒತ್ತಿ ನಿಲ್ಲಿಸಿದೆ. ಕೀ ಆಫ್ ಮಾಡಿದೆ. ಅಕ್ಕ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟಳು, ಇನ್ನೊಂದನ್ನು ನೇರ ನಮ್ಮ ಜಗಲಿಯ ಮೇಲಿಟ್ಟಳು.