ಹನ್ನೊಂದು ಟೇಕ್

ನಾನು ಕೇದಾರ. ಪುಣೆಯ ಒಂದು ಯೂನಿವರ್ಸಿಟಿಯ ಕಲಾ ಶಾಲೆಯಾಗ ಡಿಜಿಟಲ್ ಸಿನಿಮಾ ಕಲೀತೀನಿ. ಕಲೀತೀನಿ ಅನ್ನೋದು ನಮ್ಮ ಅವ್ವನ ಮಾತು. ನಾನಂತೂ ಮೊದಲನೇ ಸೆಮಿಸ್ಟರಿನಾಗೇ ಗಡ್ಡ ಬಿಟ್ಟು, ಹೆಗಲಿಗೆ ಜೋಳಿಗೆ ಹಾಕ್ಕೊಂಡು, ಎಲ್ಲಾ ಕಲ್ತವನಂಗ ಅಡ್ಡಾಡ್ತಿದ್ದೆ.

ಕಡೀ ಸೆಮಿಸ್ಟರಿಗೆ ಒಂದು ಸಾಕ್ಷ್ಯಚಿತ್ರ ಮಾಡಬೇಕಿತ್ತು. ಅದಿಲ್ಲದೇ ಡಿಗ್ರಿ ಇಲ್ಲ. ನಮ್ಮ ಅಪ್ಪ ಚಂದ್ರಪ್ಪ ಚಿಂಚವಾಡದ ಒಂದು ವರ್ಕ್‌ಶಾಪಿನಾಗ ಮೂವತ್ನಾಲ್ಕು ವರ್ಷ ಒಂದೇ ಲೇತ್ ಮಷೀನ್ ಮುಂದ ನಿಂತು ಕಬ್ಬಿಣ ಕಡದವರು. ಅವರ ರಿಟೈರ್‌ಮೆಂಟ್ ಬಂದಿತ್ತು. ಮರುದಿನ ಆ ಮಷೀನೂ ಗುಜರಿಗೆ ಹೋಗೋದಿತ್ತು. ಅಂದ್ರ ಶೂಟಿಂಗಿಗೆ ಸಿಕ್ಕಿದ್ದು ಅವರ ಕಡೀ ದಿನ ಒಂದೇ, ಅದೂ ಊಟದ ಬಿಡುವಿನ ಹೊತ್ತು.

ಸಾಕ್ಷ್ಯಚಿತ್ರಕ್ಕ ನಾನು ಡೈಲಾಗ್ ಬರದಿದ್ದೆ. ನಗಬ್ಯಾಡ್ರಿ. "ಮೂವತ್ನಾಲ್ಕು ವರ್ಷ ಇದು ನನ್ನ ಜೋಡಿ ದುಡೀತು. ಇವತ್ತು ಇಬ್ಬರಿಗೂ ಸೂಟಿ" ಅಂತ ಹೇಳಿ ಅಪ್ಪ ಓಡ್ತಿದ್ದ ಮಷೀನ್ ಬಂದ್ ಮಾಡಬೇಕು, ಅಷ್ಟ. ಕ್ಯಾಮೆರಾದ ಕೆಂಪು ದೀಪ ಕಂಡ್ರ ಮಂದಿ ಗಾಬರಿ ಆಗ್ತಾರ ಅಂತ ನಮ್ಮ ನೀಲಿಮಾ ಮೇಡಂ ಪಾಠ ಮಾಡಿದ್ರು. ನಾನು ಆ ದೀಪಕ್ಕ ಕರಿ ಟೇಪ್ ಹಚ್ಚಿದೆ. ಫ್ರೇಮ್ ಶುದ್ಧ ಇರಲಿ ಅಂತ ಸ್ಕ್ರೀನ್ ಮ್ಯಾಲೆ ರೆಕಾರ್ಡ್ ಆಗಾಕತ್ತದ ಅಂತ ತೋರಿಸೋ ಗುರ್ತುಗಳನ್ನೂ ತಗದೆ. ಭಾಳ ಶಾಣ್ಯಾ ನಾನು.

ಅಪ್ಪ ಮೊದಲ ಟೇಕಿನಾಗ ಮೂವತ್ತೇಳು ವರ್ಷ ಅಂದ್ರು. ಎರಡನೇದರಾಗ ಸೂಟಿ ಅನ್ನೋದು ಮರತ್ರು. ಮೂರನೇದಕ್ಕ ಕೆಮ್ಮು. ಪ್ರತಿ ಸಲ ನಾನು "ಕಟ್" ಅಂತ ಗುಂಡಿ ಒತ್ತಿ, ಕ್ಯಾಮೆರಾದ ಮೂತಿ ನೆಲಕ್ಕ ಬಗ್ಗಿಸಿ, ಲೈಟ್ ಸರಿ ಮಾಡಾಕ ಹೋಗೋದು. "ಎರಡು ಸಾಲು ಹೇಳಾಕ ಬರಂಗಿಲ್ಲೇನ್ರಿ ಅಪ್ಪಾ?" ಅಂತ ಎಲ್ಲರ ಮುಂದ ಅವರನ್ನ ಬೈದೆ. ಅಪ್ಪ ಸುಮ್ನ ನಕ್ರು. ಹನ್ನೊಂದನೇ ಟೇಕಿಗೆ ಎಲ್ಲಾ ಸರಿ ಹೇಳಿ ಮಷೀನ್ ಬಂದ್ ಮಾಡಿದ್ರು. ನಾನು ಕುಣಿದಾಡಿಬಿಟ್ಟೆ.

ಎಡಿಟಿಂಗ್ ರೂಮಿನಾಗ ನೋಡಿದ್ರ ಒಂದು ಟೇಕೂ ಇಲ್ಲ. ರೆಕಾರ್ಡಿಂಗ್ ಚಾಲೂ ಮಾಡಾಕೂ ಬಂದ್ ಮಾಡಾಕೂ ಅದೊಂದೇ ಗುಂಡಿ; ಶುರುವಿಗೆ ಸುಮ್ನ ಒಮ್ಮೆ ಒತ್ತಿ ಮರತಿದ್ದೆ. ಆಮ್ಯಾಲೆ ಎಲ್ಲಾ ಉಲ್ಟಾ. "ಆ್ಯಕ್ಷನ್" ಅಂದಾಗ ಕ್ಯಾಮೆರಾ ಮಲಗ್ಯದ, "ಕಟ್" ಅಂದಾಗ ಎದ್ದದ. ನನ್ನ ಹತ್ರ ಇದ್ದದ್ದು ಬರೇ ನಡುವಿನ ತುಣುಕು: ಅಪ್ಪನ ಬೂಟು, ನೆಲದ ಮ್ಯಾಲಿನ ಕಬ್ಬಿಣದ ಪುಡಿ. ಡಿಗ್ರಿ ಹೋತು ಅಂತ ಕುಂತೆ.

ಆದ್ರ ಆ ತುಣುಕುಗಳಾಗ ಅಪ್ಪನ ಕಾಲರಿಗೆ ಸಿಗಿಸಿದ್ದ ಮೈಕ್ ಎಲ್ಲಾ ಕೇಳಿಸ್ಕೊಂಡಿತ್ತು. ಏಳನೇ ತುಣುಕಿನಾಗ ಪಕ್ಕದ ಮಷೀನಿನ ರಾಘಣ್ಣ ಕೇಳ್ತಾರ, "ಚಂದ್ರಪ್ಪಾ, ಮಗ ಬೈಯಾಕತ್ತಾನ, ಎರಡು ಮಾತು ಸರಿಯಾಗಿ ಹೇಳಬಾರದೇನೋ?"

ಅಪ್ಪನ ದನಿ: "ಸರಿ ಹೇಳಿದ್ರ ಬಂದ್ ಮಾಡಬೇಕಲ್ಲೋ ರಾಘಣ್ಣ. ಇನ್ನೊಂದೆರಡು ಸಲ ತಪ್ತೀನಿ, ತಡಿ."

ಹೆಡ್‌ಫೋನ್ ತಗದಿಟ್ಟು ಅತ್ತೆ. ಸುಳ್ಳು ಯಾಕ ಹೇಳಲಿ, ನನ್ನ ಮ್ಯಾಲೆ ನನಗ ಹೇಸಿಗಿ ಬಂತು. ಕಡೀಕ ನಾನು ಕುಣಿದ ತುಣುಕು ಕತ್ತರಿಸಿ ಒಗದು, ಉಳಿದದ್ದನ್ನ ಇದ್ದಂಗ ಜೋಡಿಸಿದೆ.

ಪ್ರದರ್ಶನದ ದಿನ ನೀಲಿಮಾ ಮೇಡಂ ಮರಾಠಿಯೊಳಗ ಕೇಳಿದ್ರು, ಸಿನಿಮಾ ಪೂರಾ ಕಾಲೇ ಯಾಕ ತೋರಿಸೀದಿ ಅಂತ. "ದುಡಿಮೆಯ ಸೌಂದರ್ಯಶಾಸ್ತ್ರ" ಅಂತೊಂದು ಉತ್ತರ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಹಿಂದಿನ ಸಾಲಿನಾಗ ಅಪ್ಪ ಇಸ್ತ್ರಿ ಅಂಗಿ ಹಾಕ್ಕೊಂಡು ಕುಂತಿದ್ರು. "ಗುಂಡಿ ಉಲ್ಟಾ ಒತ್ತಿದ್ದೆ ಮೇಡಂ" ಅಂದುಬಿಟ್ಟೆ. ಇಡೀ ಕ್ಲಾಸ್ ನಕ್ತು. ಮೇಡಂ ಕ್ಯಾಮೆರಾ ಕೆಲಸಕ್ಕ ಸೊನ್ನೆ ಕೊಟ್ಟು, ಸಿನಿಮಾ ಪಾಸ್ ಮಾಡಿದ್ರು.

ಹೊರಗ ಚಹಾ ಕುಡಿಯೋವಾಗ ಅಪ್ಪ ಕೇಳಿದ್ರು, "ನಾ ಮಷೀನ್ ಬಂದ್ ಮಾಡಿದ್ದು ಇದರಾಗ ಎಲ್ಲೂ ಬರಲಿಲ್ಲಲ್ಲ?"

"ಇಲ್ರಿ ಅಪ್ಪಾ. ಅದು ರೆಕಾರ್ಡೇ ಆಗಿಲ್ಲ. ನನ್ನ ತಪ್ಪು."

"ಛಲೋ ಆತು ಬಿಡು" ಅಂದ್ರು ಅಪ್ಪ. "ಮನಿಗೆ ಹೋಗಿ ಸಿನಿಮಾ ಇನ್ನೊಮ್ಮೆ ಹಚ್ಚು."